ಕೆಟ್ಟ ಸುದ್ದಿಗೆ ಬಾಗಿಲು ಮುಚ್ಚಿದ ಸ್ಟಾಲಿನ್

ಅಭ್ಯಾಸ ಬೋಧನೆಯ ಮೂರನೇ ವಾರ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಹತ್ತನೇ ತರಗತಿಯ ಆ ಅವಧಿಗೆ ನನ್ನನ್ನು ಕಳುಹಿಸಿದರು. ನಾನು ಭೌತಶಾಸ್ತ್ರ ಮತ್ತು ಗಣಿತದ ಪ್ರಶಿಕ್ಷಣಾರ್ಥಿ. ಎರಡನೇ ಮಹಾಯುದ್ಧದ ಪಾಠ ನಡೆಯುತ್ತಿತ್ತು. ಎಲ್ಲ ಕಡೆ ಗುಪ್ತಚರರನ್ನು ಇಟ್ಟುಕೊಂಡ ಸರ್ವಾಧಿಕಾರಿ ಯುದ್ಧದಲ್ಲಿ ಹೇಗೆ ಮೋಸ ಹೋಗುತ್ತಾನೆ ಎಂದು ಒಬ್ಬ ಹುಡುಗಿ ಕೇಳಿದಳು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಓದಿಕೊಂಡು ಹೋಗಿ ಮರುದಿನ ಸ್ಟಾಲಿನ್‌ನ ಜೀವನವನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ನಿಜವಾದ ಹೆಸರು ಯೋಸಿಫ್ ಜುಗಾಶ್ವಿಲಿ. 1878ರಲ್ಲಿ ಜಾರ್ಜಿಯಾದ ಗೋರಿ ಪಟ್ಟಣದಲ್ಲಿ ಹುಟ್ಟಿದ. ತಂದೆ ಬೂಟು ಹೊಲಿಯುವವನು, ಕುಡುಕ. ತಾಯಿ ಬೇರೆಯವರ ಬಟ್ಟೆ ಒಗೆದು ಮಗನನ್ನು ಓದಿಸಿದಳು. ಅವನು ಪಾದ್ರಿಯಾಗಲಿ ಎಂಬುದು ಅವಳ ಆಸೆ. ಆದರೆ ಹುಡುಗ 1899ರಲ್ಲಿ ಧಾರ್ಮಿಕ ವಿದ್ಯಾಲಯ ಬಿಟ್ಟು ಕ್ರಾಂತಿಕಾರಿಯಾದ. ಹಲವು ಬಾರಿ ಬಂಧನ, ಗಡಿಪಾರು ಅನುಭವಿಸಿದ. 1913ರಲ್ಲಿ ಅವನನ್ನು ಹಿಡಿದುಕೊಟ್ಟವನು ಸ್ವಂತ ಪಕ್ಷದ ನಾಯಕನೇ ಆಗಿದ್ದ ಮಲಿನೋವ್‌ಸ್ಕಿ ಎಂಬ ಪೊಲೀಸ್ ಗುಪ್ತಚರ. ಭೂಗತ ಬದುಕಿನಲ್ಲಿ ಅನುಮಾನವೇ ಪ್ರಾಣ ಉಳಿಸುತ್ತಿತ್ತು. ಅಧಿಕಾರ ಬಂದ ಮೇಲೆ ಅದೇ ಅನುಮಾನ ಇತರರ ಪ್ರಾಣ ತೆಗೆಯತೊಡಗಿತು.

1922ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿಯಾದ ಸ್ಟಾಲಿನ್, ಲೆನಿನ್ ತೀರಿಕೊಂಡ ಐದು ವರ್ಷಗಳಲ್ಲಿ ಎದುರಾಳಿಗಳನ್ನೆಲ್ಲ ಬದಿಗೆ ಸರಿಸಿದ. 1937ರಲ್ಲಿ ಅವನ ಕಣ್ಣು ಸೇನೆಯ ಮೇಲೆ ಬಿತ್ತು. ಟ್ಯಾಂಕು, ವಿಮಾನಗಳ ಹೊಸ ಯುದ್ಧತಂತ್ರ ರೂಪಿಸಿದ್ದ ಮಾರ್ಷಲ್ ತುಖಾಚೆವ್‌ಸ್ಕಿಯನ್ನು ದೇಶದ್ರೋಹದ ಸುಳ್ಳು ಆರೋಪದಲ್ಲಿ ಗುಂಡಿಟ್ಟು ಕೊಂದರು. ಮುಂದಿನ ಎರಡು ವರ್ಷಗಳಲ್ಲಿ, ಐವರು ಮಾರ್ಷಲ್‌ಗಳಲ್ಲಿ ಇನ್ನೂ ಇಬ್ಬರು ಹೀಗೆಯೇ ಬಲಿಯಾದರು. ಸಾವಿರಾರು ಅಧಿಕಾರಿಗಳು ಮರಣದಂಡನೆಗೋ ಸೆರೆಗೋ ಗುರಿಯಾದರು. ಉಳಿದವರು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತರು. 1939ರ ನವೆಂಬರ್ 30ರಂದು ಪುಟ್ಟ ಫಿನ್ಲೆಂಡ್ ಮೇಲೆ ದಾಳಿ ಮಾಡಿದಾಗ ಮೂರೂವರೆ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸತ್ತರು. ಸೇನೆಯ ದೌರ್ಬಲ್ಯ ಹಿಟ್ಲರನಿಗೂ ಕಾಣಿಸಿತು.

ಯಾರನ್ನೂ ನಂಬದ ಸ್ಟಾಲಿನ್ ತನ್ನ ಒಂದು ಲೆಕ್ಕಾಚಾರವನ್ನು ಮಾತ್ರ ಪೂರ್ತಿ ನಂಬಿದ್ದ. 1939ರ ಆಗಸ್ಟ್ 23ರಂದು ಜರ್ಮನಿಯೊಡನೆ ಅನಾಕ್ರಮಣ ಒಪ್ಪಂದವಾಗಿತ್ತು. ಬ್ರಿಟನ್ ಸೋಲುವವರೆಗೆ ಹಿಟ್ಲರ್ ಪೂರ್ವಕ್ಕೆ ತಿರುಗುವುದಿಲ್ಲ ಎಂಬುದು ಅವನ ಲೆಕ್ಕ. 1941ರಲ್ಲಿ ಎಚ್ಚರಿಕೆಗಳು ಒಂದರ ಹಿಂದೆ ಒಂದು ಬಂದವು. ಟೋಕಿಯೋದಿಂದ ಗುಪ್ತಚರ ರಿಚರ್ಡ್ ಸೋರ್ಗೆ ಸುದ್ದಿ ಕಳುಹಿಸಿದ. ಲಂಡನ್‌ನಿಂದ ಚರ್ಚಿಲ್ ತಿಳಿಸಿದ. ಜರ್ಮನ್ ವಿಮಾನಗಳು ಗಡಿ ದಾಟಿ ಬಂದು ಚಿತ್ರ ತೆಗೆದವು. ಸ್ಟಾಲಿನ್ ಎಲ್ಲವನ್ನೂ ಬ್ರಿಟನ್ನಿನ ಕುತಂತ್ರ, ಕೆಣಕುವ ತಂತ್ರ ಎಂದು ತಳ್ಳಿಹಾಕಿದ. ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥ ಗೋಲಿಕೋವ್ ಇಂಥ ವರದಿಗಳನ್ನು ನಂಬಲರ್ಹವಲ್ಲ ಎಂದು ಗುರುತು ಹಾಕಿ ಮೇಲಕ್ಕೆ ಕಳುಹಿಸುತ್ತಿದ್ದ. ಒಡೆಯನಿಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಗ್ರಾಫಿನ ರೇಖೆಗೆ ಹೊಂದದ ಬಿಂದುಗಳನ್ನು ಅಳಿಸಿಹಾಕುವ ವಿದ್ಯಾರ್ಥಿಯಂತೆ ಇಡೀ ರಾಜ್ಯಯಂತ್ರ ಕೆಲಸ ಮಾಡಿತು.

ಜೂನ್ 14ರಂದು, ಯುದ್ಧದ ವದಂತಿಗೆ ಆಧಾರವಿಲ್ಲ ಎಂಬ ಪ್ರಕಟಣೆ ಹೊರಬಿತ್ತು. ಗಡಿಯ ಸೇನೆಯನ್ನು ಸಜ್ಜುಗೊಳಿಸಲು ತಿಮೊಶೆಂಕೋ, ಝೂಕೋವ್ ಅನುಮತಿ ಕೇಳಿದರೂ ಸಿಗಲಿಲ್ಲ. ಜೂನ್ 22ರ ನಸುಕಿನಲ್ಲಿ ಸುಮಾರು 30 ಲಕ್ಷ ಜರ್ಮನ್ ಸೈನಿಕರು ಗಡಿ ದಾಟಿದರು. ಅದಕ್ಕೆ ಸ್ವಲ್ಪ ಮೊದಲಿನವರೆಗೂ ಸೋವಿಯತ್ ಧಾನ್ಯ ತುಂಬಿದ ರೈಲುಗಳು ಜರ್ಮನಿಯತ್ತ ಹೋಗುತ್ತಿದ್ದವು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಸೋವಿಯತ್ ವಿಮಾನಗಳು ನಾಶವಾದವು. ಹೆಚ್ಚಿನವು ನೆಲದ ಮೇಲೆ ನಿಂತಲ್ಲೇ ಸುಟ್ಟುಹೋದವು.

ಆಮೇಲೂ ಅವನು ತಕ್ಷಣ ಕಲಿಯಲಿಲ್ಲ. ಸೋಲಿನ ಹೊಣೆಯನ್ನು ಪಶ್ಚಿಮ ರಣರಂಗದ ಸೇನಾಪತಿ ಪಾವ್ಲೋವ್‌ನ ತಲೆಗೆ ಕಟ್ಟಿ ಅವನನ್ನು ಗುಂಡಿಟ್ಟು ಕೊಲ್ಲಿಸಿದ. ಕೀವ್ ನಗರ ಬಿಟ್ಟು ಹಿಂದೆ ಸರಿಯೋಣ ಎಂದ ಝೂಕೋವ್‌ನನ್ನು ಸೇನಾ ಮುಖ್ಯಸ್ಥನ ಸ್ಥಾನದಿಂದ ತೆಗೆದ. ಸೆಪ್ಟೆಂಬರಿನಲ್ಲಿ ಅಲ್ಲಿ ಲಕ್ಷಾಂತರ ಸೈನಿಕರು ಸುತ್ತುವರಿಯಲ್ಪಟ್ಟು ಸೆರೆಯಾದರು. 1942ರ ಶರತ್ಕಾಲದ ಹೊತ್ತಿಗೆ ಸೇನಾನಿಗಳ ಮಾತಿಗೆ ಹೆಚ್ಚು ಕಿವಿಗೊಡತೊಡಗಿದ. ಸ್ಟಾಲಿನ್‌ಗ್ರಾಡ್‌ನ ಗೆಲುವು ಝೂಕೋವ್, ವಸಿಲೆವ್‌ಸ್ಕಿ ಹಾಕಿದ ಯೋಜನೆಯಿಂದ ಬಂತು. ಆದರೆ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 2.7 ಕೋಟಿ ಸೋವಿಯತ್ ಜನರು ಸತ್ತಿದ್ದರು.

ಯುದ್ಧದ ನಂತರ ಅನುಮಾನ ಮರಳಿತು. 1953ರ ಆರಂಭದಲ್ಲಿ ಅವನ ಹಿರಿಯ ವೈದ್ಯರೇ ಕೊಲೆ ಸಂಚಿನ ಆರೋಪದಲ್ಲಿ ಸೆರೆಯಲ್ಲಿದ್ದರು. ಮಾರ್ಚ್ 1ರಂದು ಪಾರ್ಶ್ವವಾಯು ಬಡಿದು ಸ್ಟಾಲಿನ್ ಕೋಣೆಯಲ್ಲಿ ಬಿದ್ದಾಗ, ಕರೆಯದೆ ಒಳಗೆ ಹೋಗಲು ಕಾವಲುಗಾರರು ಹೆದರಿ ಗಂಟೆಗಟ್ಟಲೆ ಹೊರಗೇ ಉಳಿದರು. ಮಾರ್ಚ್ 5ರಂದು ಅವನು ಸತ್ತ.

ಇಷ್ಟು ಹೇಳುವಾಗ ತರಗತಿ ನಿಶ್ಶಬ್ದವಾಗಿತ್ತು. ನನಗೆ ಮಾತ್ರ ಎರಡು ವಾರ ಹಿಂದಿನ ನನ್ನದೇ ಪಾಠ ನೆನಪಾಯಿತು. ವಿದ್ಯುತ್ ರೋಧಕಗಳ ಸಮಾಂತರ ಜೋಡಣೆ ಹೇಳಿಕೊಡುವಾಗ ಒಬ್ಬ ಹುಡುಗ ಎದ್ದು ನಿಂತು, ಅರ್ಥವಾಗಲಿಲ್ಲ ಅಂದಿದ್ದ. ಗಮನ ಎಲ್ಲಿತ್ತು ಎಂದು ಗದರಿದೆ, ಎಲ್ಲರೂ ನಕ್ಕರು. ಅಂದಿನಿಂದ ನಾನು ಅರ್ಥವಾಯಿತೇ ಎಂದು ಕೇಳಿದಾಗಲೆಲ್ಲ ಇಡೀ ತರಗತಿ ಹೌದು ಎನ್ನುತ್ತಿತ್ತು. ಪಾಠ ಯಶಸ್ವಿ ಎಂದು ದಿನಚರಿಯಲ್ಲಿ ಬರೆದುಕೊಂಡೆ. ಘಟಕ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಲೆಕ್ಕ ಬಿಡಿಸಿರಲಿಲ್ಲ.

ಮರುದಿನ ಆ ಹುಡುಗನ ಬಳಿ ತಪ್ಪಾಯಿತೆಂದು ಹೇಳಿದೆ. ಈಗ ಪಾಠದ ಕೊನೆಗೆ, ಹೆಸರು ಬರೆಯದ ಚೀಟಿಯಲ್ಲಿ ಅರ್ಥವಾಗದ್ದನ್ನು ಬರೆದುಕೊಡಲು ಹೇಳುತ್ತೇನೆ. ಮೊದಲ ದಿನ ಬಂದ ಚೀಟಿಗಳಲ್ಲಿ ಒಂದನ್ನು ಪಾಠಯೋಜನೆಯ ಪುಸ್ತಕದಲ್ಲೇ ಅಂಟಿಸಿಕೊಂಡಿದ್ದೇನೆ. ನಾನು ತುಂಬ ಬೇಗ ಮಾತನಾಡುತ್ತೇನಂತೆ.