ಕಾಲ್ನಡೆಯ ಕವಿ ಶ್ರೀ ವಿಜಯದಾಸರು

ಹೊಟ್ಟೆಪಾಡನ್ನರಸಿ ಹುಟ್ಟೂರನ್ನು ಬಿಟ್ಟು ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರಿಗೆ ರಾಯಚೂರು ಸೀಮೆಯು ಅಪರಿಚಿತವೇನೂ ಅಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಆ ಜಿಲ್ಲೆಗೆ ಈ ನಗರವೇ ರಾಜಧಾನಿಯಾಗಿದ್ದಿತು. ಅಲ್ಲಿಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಚೀಕಲಪರವಿ ಎಂಬುದೊಂದು ಸಣ್ಣ ಗ್ರಾಮವಿದೆ. ಬಡತನದ ಅವಮಾನವನ್ನು ತಾಳಲಾರದೆ ಬರಿಗೈಯಲ್ಲಿ ಆ ಗ್ರಾಮವನ್ನು ಬಿಟ್ಟು ನಡೆದ ಹುಡುಗನೊಬ್ಬನು ಮುಂದೆ ಹಾಡಿನ ಭಂಡಾರವನ್ನೇ ಹೊತ್ತು ಹಿಂದಿರುಗಿದನು. ಅವರೇ ಹರಿದಾಸ ಸಾಹಿತ್ಯದಲ್ಲಿ ಸುಳಾದಿಯ ದಾಸರೆಂದು ಪ್ರಖ್ಯಾತರಾದ ಶ್ರೀ ವಿಜಯದಾಸರು.

ಅವರ ಬಾಲ್ಯದ ಹೆಸರು ದಾಸಪ್ಪ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಜನನವು 1682ರಲ್ಲಿ ಎಂಬುದು ಸಾಮಾನ್ಯವಾಗಿ ಅಂಗೀಕೃತವಾದ ಲೆಕ್ಕ. ಅದು ಬಹು ವಿಷಮವಾದ ಕಾಲ. 1686ರಲ್ಲಿ ಬಿಜಾಪುರವೂ ಅದರ ಮರುವರ್ಷ ಗೋಲ್ಕೊಂಡೆಯೂ ಔರಂಗಜೇಬನ ವಶವಾದವು. ಎರಡು ರಾಜ್ಯಗಳು ಕುಸಿದುಬಿದ್ದ ನೆಲದಲ್ಲಿ ಸೈನ್ಯಗಳ ಓಡಾಟ ನಿಲ್ಲಲಿಲ್ಲ. 1702ರಿಂದ 1704ರವರೆಗೆ ದಖನ್ನನ್ನು ಭೀಕರ ಕ್ಷಾಮವೂ ಕಾಡಿತು. ಇಂತಹ ದಿನಗಳಲ್ಲಿ ಬೆಳೆದ ದಾಸಪ್ಪನ ಮನೆಯಲ್ಲಿ ಒಪ್ಪೊತ್ತಿನ ಊಟವೇ ದೊಡ್ಡ ಮಾತಾಗಿದ್ದಿತು. ಬಡವನೆಂದು ಉಳ್ಳವರು ಹೀನಾಯವಾಗಿ ಕಂಡುದರಿಂದ ನೊಂದು, ಎಳೆಯ ವಯಸ್ಸಿನಲ್ಲಿಯೇ ಅವರು ಮನೆಯಿಂದ ಹೊರಬಿದ್ದರೆಂದು ಪರಂಪರೆಯ ಚರಿತ್ರೆಗಳು ತಿಳಿಸುತ್ತವೆ.

ಅವರು ಹಿಡಿದುದು ಕಾಶಿಯ ದಾರಿ. ಚೀಕಲಪರವಿಯಿಂದ ಕಾಶಿಗೆ ನೇರವಾಗಿ ಗೆರೆಯೆಳೆದರೂ ಸಾವಿರ ಕಿಲೋಮೀಟರಿಗೆ ಮಿಗಿಲಾಗುತ್ತದೆ. ನದಿ, ಕಾಡು, ಘಟ್ಟಗಳನ್ನು ಸುತ್ತಿ ಹೋಗುವ ಕಾಲ್ನಡೆಯವನಿಗೆ ಅದು ತಿಂಗಳುಗಳ ಪ್ರಯಾಣ. ಕೆಲವು ಕಾಲ ಅಲ್ಲಿದ್ದು ಮರಳಿ ಬಂದು, ಅರಳಮ್ಮನವರನ್ನು ವಿವಾಹವಾಗಿ ಸಂಸಾರ ಹೂಡಿದರು. ಬಡತನವು ಮಾತ್ರ ಕಾಯ್ದುಕೊಂಡೇ ಇದ್ದಿತು. ಪುನಃ ಕಾಶಿಗೆ ನಡೆದರು. ಆ ಎರಡನೆಯ ಯಾತ್ರೆಯಲ್ಲಿ, ತಮಗಿಂತ ಒಂದು ಶತಮಾನಕ್ಕೂ ಹಿಂದೆ ಆಗಿಹೋದ ಪುರಂದರದಾಸರು ಸ್ವಪ್ನದಲ್ಲಿ ಕಾಣಿಸಿಕೊಂಡು ಅನುಗ್ರಹಿಸಿದರೆಂದೂ, ಅಂದಿನಿಂದ ವಿಜಯವಿಠಲ ಎಂಬ ಅಂಕಿತದಿಂದ ಹಾಡಲಾರಂಭಿಸಿದರೆಂದೂ ಸಂಪ್ರದಾಯದ ನಂಬಿಕೆ. ಪುರಂದರದಾಸರು 4,75,000 ಕೃತಿಗಳನ್ನು ರಚಿಸಿ ಐದು ಲಕ್ಷಕ್ಕೆ ಉಳಿಸಿದ 25,000ವನ್ನು ವಿಜಯದಾಸರು ಪೂರೈಸಿದರೆಂಬುದು ಅದೇ ಸಂಪ್ರದಾಯದ ಎಣಿಕೆ. ಇಂದು ದೊರೆಯುವುದು ಅದರ ಅಲ್ಪಭಾಗವೇ ಆದರೂ, ಆ ಅಲ್ಪಭಾಗವೇ ವಿಪುಲವಾಗಿದೆ.

ಇಷ್ಟೊಂದು ಹಾಡು ಎಲ್ಲಿಂದ ಬಂದಿತು? ದಾಸರ ದಿನಚರಿಯನ್ನು ನೆನೆದರೆ ಉತ್ತರವು ತಾನಾಗಿಯೇ ಹೊಳೆಯುತ್ತದೆ. ಬೆಳಗಾದೊಡನೆ ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ತಂಬೂರಿ ಏರಿಸಿ, ಕೈಯಲ್ಲಿ ಚಿಟಿಕೆ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ನಡೆಯುವುದು, ಹಿಡಿ ಅಕ್ಕಿ ದೊರೆತಲ್ಲಿ ತಲೆಬಾಗುವುದು, ನಾಳೆಗೆ ಕೂಡಿಡದಿರುವುದು. ಹೂವಿನಿಂದ ಹೂವಿಗೆ ಹೋಗುವ ದುಂಬಿಯ ಬಾಳಿಗೆ ಹೋಲಿಸಿ ಇದಕ್ಕೆ ಮಧುಕರವೃತ್ತಿ ಎಂದು ಹೆಸರಿಟ್ಟರು. ಹೆಜ್ಜೆಯಿಟ್ಟಾಗಲೆಲ್ಲ ಗೆಜ್ಜೆ ನುಡಿಯುತ್ತದೆ. ಗೆಜ್ಜೆಯ ನುಡಿಯೇ ತಾಳವಾಗುತ್ತದೆ. ತಂಬೂರಿಯ ಶ್ರುತಿ ಎಡೆಬಿಡದೆ ಜೊತೆಗಿರುತ್ತದೆ. ಕುಳಿತು ಬರೆಯುವವನು ಮಾತ್ರೆಯನ್ನು ಬೆರಳೆಣಿಸಿ ಲೆಕ್ಕ ಹಾಕಬೇಕು. ನಡೆಯುತ್ತ ಹಾಡುವವನಿಗೆ ಆ ಲೆಕ್ಕವನ್ನು ಕಾಲೇ ಒಪ್ಪಿಸುತ್ತದೆ.

ವಿಜಯದಾಸರಿಗೆ ಅತ್ಯಂತ ಪ್ರಿಯವಾದ ಸುಳಾದಿಯ ರಚನೆಯಲ್ಲಿ ಈ ನಡಿಗೆಯ ಗುರುತು ಕಾಣುವಂತಿದೆ. ಕೀರ್ತನೆಯಲ್ಲಿ ಪಲ್ಲವಿಯು ಮರಳಿ ಮರಳಿ ಬರುತ್ತದೆ, ಸುಳಾದಿಯಲ್ಲಿ ಅದಿಲ್ಲ. ಅದರ ಒಂದೊಂದು ಖಂಡವೂ ಒಂದೊಂದು ತಾಳದಲ್ಲಿ ಸಾಗುತ್ತದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳು ಅದರ ಆಧಾರ. ಕಡೆಯಲ್ಲಿ ಎರಡು ಸಾಲಿನ ಜತೆಯಿಂದ ಮುಕ್ತಾಯ. ಬಯಲಿನಲ್ಲಿ ಒಂದು ಹೆಜ್ಜೆ, ಏರಿನಲ್ಲಿ ಇನ್ನೊಂದು, ಹೊಳೆ ದಾಟುವಾಗ ಮತ್ತೊಂದು ಎಂಬಂತೆ ಹಿಂದಿರುಗಿ ನೋಡದೆ ಮುಂದೆ ಸಾಗುವ ರಚನೆಯಿದು. ಈ ರೂಪವು ದಾಸರಿಗಿಂತ ಹಳೆಯದು, ನಿಜ; ಆದರೆ ಜೀವನವೆಲ್ಲ ದಾರಿ ಸವೆಸಿದವರಿಗೆ ಅದು ಒಗ್ಗಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಅವರು ಕಾಲಿಟ್ಟ ಕ್ಷೇತ್ರಗಳನ್ನು ಕುರಿತ ಸುಳಾದಿಗಳೇ ಒಂದು ಪ್ರತ್ಯೇಕ ವರ್ಗವಾಗಿವೆ. ಕಾಶಿ, ಪಂಢರಪುರ, ತಿರುಪತಿ, ಉಡುಪಿ ಮೊದಲಾದ ಸ್ಥಳಗಳಿಗೆ ಹೋಗಲಾರದ ಬಡವರು ಅವನ್ನು ಕೇಳಿಯೇ ಯಾತ್ರೆ ಮಾಡಿದರು.

ದಾರಿಯು ಅವರಿಗೆ ಹಾಡನ್ನಷ್ಟೇ ಕೊಡಲಿಲ್ಲ. ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ಅನಾಥೆಯೊಬ್ಬಳು ಕೂಸಿನೊಡನೆ ಮಾರ್ಗದಲ್ಲಿ ಎದುರಾದಾಗ, ದಾಸರು ಸಂತೈಸಿ ಮನೆಗೆ ಕರೆತಂದು ಸಾಕಿದರೆಂದು ಹೇಳುವರು. ಆ ಕೂಸೇ ಮುಂದೆ ಮೋಹನದಾಸರಾಗಿ ಹಾಡಿತು. ಹಸಿವನ್ನು ಕಂಡ ಮನೆಯಲ್ಲಿ ಇನ್ನೆರಡು ಎಲೆ ಹಾಕಿಸಿದ ಅರಳಮ್ಮನವರ ಹಿರಿಮೆಯನ್ನೂ ಇಲ್ಲಿ ಮರೆಯಲಾಗದು.

ಆದರೆ ಕಾಲ್ನಡೆಯ ಕನ್ನಡಕ್ಕೆ ಗೌರವ ಸುಲಭವಾಗಿ ದೊರೆಯಲಿಲ್ಲ. ಅದೇ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಮಹಾಪಂಡಿತರು. ಗೆಜ್ಜೆ ಕಟ್ಟಿ ಬೀದಿಯಲ್ಲಿ ಕುಣಿಯುವವರ ದೇಶಭಾಷೆಯ ಹಾಡು ಅವರ ದೃಷ್ಟಿಯಲ್ಲಿ ವಿದ್ಯೆಯೇ ಅಲ್ಲ. ಮುದುಕರಾದ ವಿಜಯದಾಸರು ಊಟಕ್ಕೆ ಕರೆದಾಗ ಅವರು ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು. ಬಳಿಕ ನಿಜವಾಗಿಯೇ ಉದರವ್ಯಾಧಿಗೆ ತುತ್ತಾಗಿ, ಪಶ್ಚಾತ್ತಾಪಪಟ್ಟು, ದಾಸರ ಅಣತಿಯಂತೆ ಅವರ ಶಿಷ್ಯ ಗೋಪಾಲದಾಸರಲ್ಲಿಗೆ ಹೋಗಿ ಗುಣಹೊಂದಿದರೆಂಬುದು ಪ್ರಸಿದ್ಧವಾದ ಕಥೆ. ಕಥೆಯ ಪವಾಡವನ್ನು ಒಪ್ಪುವುದೂ ಬಿಡುವುದೂ ವಾಚಕರ ಇಚ್ಛೆ. ಆದರೆ ಆ ಪಂಡಿತರೇ ಜಗನ್ನಾಥದಾಸರಾಗಿ, ತಮ್ಮ ಪಾಂಡಿತ್ಯವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಎರೆದು ಹರಿಕಥಾಮೃತಸಾರವನ್ನು ರಚಿಸಿದುದು ನಿರ್ವಿವಾದವಾದ ಸಂಗತಿ. ಕುಳಿತು ಕಲಿತ ವಿದ್ಯೆಯು ನಡೆದು ಗಳಿಸಿದ ವಿದ್ಯೆಗೆ ಎದ್ದುನಿಂತು ಸ್ಥಾನಕೊಟ್ಟ ಗಳಿಗೆಯಿದು.

1755ರಲ್ಲಿ, ಯುವ ಸಂವತ್ಸರದ ಕಾರ್ತಿಕ ಶುದ್ಧ ದಶಮಿಯಂದು, ಚಿಪ್ಪಗಿರಿಯಲ್ಲಿ ದಾಸರ ನಡಿಗೆ ನಿಂತಿತು. ಆಂಧ್ರಪ್ರದೇಶಕ್ಕೆ ಸೇರಿರುವ ಆ ಊರಿನಲ್ಲಿ ಅವರ ಕಟ್ಟೆಯಿದೆ. ಪ್ರತಿ ವರ್ಷ ಆ ತಿಥಿಯಂದು ಆರಾಧನೆ ನಡೆಯುತ್ತದೆ.

ಮುಂಜಾವದಿಂದ ರಾತ್ರಿಯವರೆಗೆ ಮೇಜಿನಿಂದ ಮೇಜಿಗೆ ನಡೆದು ದಣಿಯುವ ನಮ್ಮ ಹೋಟೆಲಿನ ತಮ್ಮಂದಿರಿಗೂ, ಬಸ್ಸಿನ ಕಾಸುಳಿಸಲು ಕಚೇರಿಯಿಂದ ಮನೆಗೆ ಹೆಜ್ಜೆ ಹಾಕುವ ಗುಮಾಸ್ತ ಬಂಧುಗಳಿಗೂ ಈ ಚರಿತ್ರೆಯಲ್ಲಿ ಒಂದು ಮಾತಿದೆ. ಊರು ಬಿಟ್ಟುದು ಅಪಮಾನವಲ್ಲ. ನಡೆದ ದಾರಿ ವ್ಯರ್ಥವೂ ಅಲ್ಲ. ಚೀಕಲಪರವಿಯ ಆ ಬಡಹುಡುಗನಿಗೆ ಗ್ರಂಥಭಂಡಾರವಿರಲಿಲ್ಲ, ಆಶ್ರಯ ಕೊಡುವ ಅರಸನಿರಲಿಲ್ಲ. ಎರಡು ಕಾಲುಗಳಿದ್ದವು, ತಾಯಿಯಿಂದ ಕಲಿತ ಕನ್ನಡವಿದ್ದಿತು. ಅವೆರಡೂ ನಮ್ಮಲ್ಲಿಯೂ ಇವೆ.