ಡಾಕ್ಟರ್ ಅನುಪಮಾ ನಿರಂಜನ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಹುಡುಗಿಯೊಬ್ಬಳು ಮೈನೆರೆದರೆ ನೆರೆಹೊರೆಗೆಲ್ಲ ತಿಳಿಯುತ್ತದೆ. ಸೋದರಮಾವನು ಬಂದು ಹಸಿರು ಸೊಪ್ಪಿನ ಗುಡ್ಲು ಹಾಕುವ ಮನೆಗಳುಂಟು. ಚಿಗಳಿ, ಕೊಬ್ಬರಿ, ಬೆಲ್ಲ ತಿನ್ನಿಸುವುದುಂಟು. ಮುತ್ತೈದೆಯರು ಹಾಡು ಹೇಳಿ ಆರತಿ ಬೆಳಗುವುದೂ ಉಂಟು. ಇಷ್ಟೆಲ್ಲ ಸಂಭ್ರಮದ ನಡುವೆ ತಲೆತಗ್ಗಿಸಿ ಕುಳಿತ ಆ ಹನ್ನೆರಡು ಹದಿಮೂರರ ಹುಡುಗಿಗೆ ತನ್ನ ದೇಹದಲ್ಲಿ ಆದದ್ದೇನೆಂದು ಹೇಳುವವರು ಮಾತ್ರ ಅಪರೂಪ. ಮುಟ್ಟು, ಹೊರಗಾಗುವುದು, ಕಾಗೆ ಮುಟ್ಟುವುದು ಎಂದು ಹೆಸರುಗಳೇನೋ ಬೇಕಾದಷ್ಟಿವೆ. ಅವೆಲ್ಲ ದೂರ ನಿಲ್ಲೆನ್ನುವ ಹೆಸರುಗಳೇ ಹೊರತು ವಿಷಯವನ್ನು ತಿಳಿಸುವುವಲ್ಲ. ನಾನು ಬೆಳೆದ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ತಿಂಗಳಿಗೆ ಮೂರು ದಿನ ಶಾಲೆ ತಪ್ಪಿಸುತ್ತಿದ್ದ ಗೆಳತಿಯರು ನನಗಿದ್ದರು. ಏಕೆಂದು ಮೇಷ್ಟರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಈ ಮೌನವನ್ನು ಮುರಿದು ಕನ್ನಡದಲ್ಲಿ ಮಾತನಾಡಿದ ವೈದ್ಯೆಯೊಬ್ಬರ ಜೀವನವನ್ನು ನಮ್ಮ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನನಗೆ ತೋರಿತು.

ಅವರು ನಮಗೆ ಬಹು ದೂರದವರಲ್ಲ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ರಸ್ತೆ ಹಿಡಿದರೆ ತುಂಗೆಯ ದಂಡೆಯ ತೀರ್ಥಹಳ್ಳಿ. ಅಲ್ಲಿ 1934ರ ಮೇ 17ರಂದು ಅವರು ಹುಟ್ಟಿದರು. ಮೊದಲಿನ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಎಂಬುದು ಬರೆಹದ ಹೆಸರು. ಅವರು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರವು ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತ್ತು. ಸರ್ಕಾರವೇ ಬಾಯಿಬಿಟ್ಟರೂ ಮನೆಗಳು ಬಾಯಿಬಿಡಲಿಲ್ಲ.

ಮೈಸೂರಿನಲ್ಲಿ ವೈದ್ಯ ವಿದ್ಯೆಯನ್ನು ಮುಗಿಸಿ, 1956ರಲ್ಲಿ ಕಾದಂಬರಿಕಾರ ನಿರಂಜನರನ್ನು ವರಿಸಿದರು. ಧಾರವಾಡದಲ್ಲಿಯೂ ಬಳಿಕ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದರು. ಕಥೆ ಕಾದಂಬರಿಗಳನ್ನು ಬರೆದರು. ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನು ಹನ್ನೆರಡು ಸಂಪುಟಗಳಲ್ಲಿ ಕೊಟ್ಟರು. ಅವರ ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1984ರಲ್ಲಿ ಚಲನಚಿತ್ರ ಮಾಡಿದುದು ಅನೇಕರಿಗೆ ಗೊತ್ತಿದೆ.

ಆದರೆ ನನಗೆ ದೊಡ್ಡದಾಗಿ ಕಾಣುವುದು ಅವರ ಆರೋಗ್ಯ ಗ್ರಂಥಗಳು. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ಮತ್ತು ಹರೆಯಕ್ಕೆ ಬರುತ್ತಿರುವ ಹುಡುಗಿಯನ್ನೇ ಹತ್ತಿರ ಕೂರಿಸಿಕೊಂಡು ಕರೆಯುವಂತಹ ‘ಕೇಳು ಕಿಶೋರಿ’. ಹೆಸರಿನಲ್ಲಿಯೇ ಅಕ್ಕನ ದನಿಯಿದೆ. ಹೊರಗೆ ನಿಲ್ಲು ಎನ್ನುವ ನಾಡಿನಲ್ಲಿ ಬಾ, ಕೇಳು ಎಂದವರು ಅವರು.

ಕೇಳಬೇಕಾದ ವಿಷಯವಾದರೂ ಎಂಥದು? ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14ರ ವಯಸ್ಸಿನೊಳಗೆ, ಮೆದುಳಿನ ಸೂಚನೆಯಂತೆ ಅದು ಅಂಡಾಶಯಕ್ಕೂ ವೃಷಣಕ್ಕೂ ಹಾರ್ಮೋನುಗಳ ಮೂಲಕ ಅಪ್ಪಣೆ ಕಳಿಸತೊಡಗುತ್ತದೆ. ಹುಡುಗಿಗೆ ಎದೆ ಮೂಡುತ್ತದೆ. ಹುಡುಗನಿಗೆ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಒಮ್ಮೊಮ್ಮೆ ನಿದ್ದೆಯಲ್ಲಿ ವೀರ್ಯ ಹೊರಬರುತ್ತದೆ. ಇದನ್ನು ರೋಗವೆಂದು ಹೆದರಿಸಿ ಲೇಹ್ಯ ಮಾರುವವರಿಂದ ಎಷ್ಟು ಹುಡುಗರು ದುಡ್ಡನ್ನೂ ಧೈರ್ಯವನ್ನೂ ಕಳೆದುಕೊಂಡರೋ! ‘ಕೇಳು ಕಿಶೋರ’ ಎಂಬುದೂ ಒಂದು ಬೇಕಾಗಿತ್ತೆಂದು ನನಗೆ ಅನ್ನಿಸುವುದುಂಟು.

ಅಂಡಾಶಯದಿಂದ ಸುಮಾರು 28 ದಿನಕ್ಕೊಮ್ಮೆ ಒಂದು ಅಂಡ ಹೊರಡುತ್ತದೆ. ಬಸಿರು ನಿಂತರೆ ಬೇಕಾದೀತೆಂದು ಗರ್ಭಕೋಶವು ತನ್ನ ಒಳಗೋಡೆಗೆ ಮೆತ್ತನೆಯ ಹಾಸಿಗೆ ಹಾಸಿಕೊಂಡಿರುತ್ತದೆ. ಬಸಿರು ನಿಲ್ಲದಿದ್ದರೆ ಆ ಹಾಸಿಗೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಮುಟ್ಟೆಂದರೆ ಇಷ್ಟೆ. ಹೋಗುವ ರಕ್ತವೂ ಸಾಧಾರಣವಾಗಿ 30–40 ಮಿಲಿಲೀಟರು ಮಾತ್ರ. ಮೊದಲ ಒಂದೆರಡು ವರ್ಷ ದಿನಗಳು ಹಿಂದುಮುಂದಾಗುವುದು ಸಹಜ. ಮಗುವನ್ನು ಪೊರೆಯಲೆಂದೇ ಸಿದ್ಧವಾಗಿದ್ದ ವಸ್ತು ಮೈಲಿಗೆಯಾದುದು ಹೇಗೆಂಬುದು ನನಗಂತೂ ಬಗೆಹರಿದಿಲ್ಲ. ಇನ್ನು ಮಗು ಗಂಡೋ ಹೆಣ್ಣೋ ಎಂಬುದು ನಿಶ್ಚಯವಾಗುವುದು ತಂದೆಯ ವೀರ್ಯಾಣುವು ತರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಜರೆಯುವ ಅತ್ತೆಯು ಮಗನನ್ನು ಕೇಳಬೇಕಾದೀತು!

ಹೆಣ್ಣಿನ ಗರ್ಭ ಯಾರ ಸೊತ್ತು ಎಂಬ ಪ್ರಶ್ನೆ ಅವರ ಕಾದಂಬರಿಗೂ ಹೊಕ್ಕಿತು. ‘ಮಾಧವಿ’ಯ ವಸ್ತು ಮಹಾಭಾರತದ್ದು. ಗಾಲವನು ಗುರುದಕ್ಷಿಣೆಯಾಗಿ ಎಂಟುನೂರು ಕುದುರೆಗಳನ್ನು ಕೊಡಬೇಕಾಗಿದೆ. ಯಯಾತಿಯು ಕುದುರೆಗಳಿಲ್ಲದೆ ಮಗಳನ್ನೇ ಕೊಡುತ್ತಾನೆ. ಅವಳು ಮೂವರು ಅರಸರಿಗೂ ಕೊನೆಗೆ ವಿಶ್ವಾಮಿತ್ರನಿಗೂ ಒಬ್ಬೊಬ್ಬ ಮಗನನ್ನು ಹೆತ್ತುಕೊಟ್ಟು ಬರಿಗೈಯಲ್ಲಿ ನಿಲ್ಲುತ್ತಾಳೆ. ಪುರಾಣ ಕೇಳುವಾಗ ನಾವು ಕುದುರೆಗಳನ್ನು ಎಣಿಸಿದ್ದೇವೆ, ಅವಳ ಹೆರಿಗೆಗಳನ್ನು ಎಣಿಸಿದವರು ಕಡಮೆ. ಹೆರಿಗೆಯ ನೋವನ್ನು ಬಲ್ಲ ವೈದ್ಯೆಯ ಕಣ್ಣಿಗೆ ಅದು ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕ್ಯಾನ್ಸರ್ ರೋಗಕ್ಕೆ ತುತ್ತಾಗಿ ಅವರು 1991ರ ಫೆಬ್ರವರಿ 15ರಂದು ತೀರಿಕೊಂಡರು. ಆಗ ಅವರಿಗೆ 56 ವರ್ಷ. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ಲೇಖಕಿಯರಿಗಾಗಿ ಅನುಪಮಾ ಪ್ರಶಸ್ತಿಯನ್ನು ಏರ್ಪಡಿಸಿತು.