ವೇತನವಿಲ್ಲದ ಪ್ರಾಧ್ಯಾಪಕ: ವಿಲ್ಲರ್ಡ್ ಗಿಬ್ಸ್

ಮೈಸೂರಿನ ಸಮೀಪದ ಬೆಳಗೊಳದಲ್ಲಿ 1930ರ ದಶಕದ ಕೊನೆಗೆ ಸ್ಥಾಪಿತವಾದ ರಸಗೊಬ್ಬರ ಕಾರ್ಖಾನೆಯು ಭಾರತದಲ್ಲಿ ನೈಟ್ರೋಜನ್, ಹೈಡ್ರೋಜನ್‌ಗಳಿಂದ ಅಮೋನಿಯ ತಯಾರಿಸಿದ ಮೊದಲ ಕಾರ್ಖಾನೆಗಳಲ್ಲೊಂದು. ಇಂತಹ ರಾಸಾಯನಿಕ ಕ್ರಿಯೆ ತಾನಾಗಿ ನಡೆಯುವುದೋ ಇಲ್ಲವೋ ಎಂಬುದನ್ನು ಲೆಕ್ಕದಿಂದಲೇ ನಿರ್ಣಯಿಸುವ ಮಾರ್ಗ ತೋರಿದ ಮಹನೀಯರು ಅಮೆರಿಕದ ಜೋಸಯ್ಯ ವಿಲ್ಲರ್ಡ್ ಗಿಬ್ಸ್.

ಗಿಬ್ಸ್ 1839ರ ಫೆಬ್ರವರಿ 11ರಂದು ನ್ಯೂಹೇವನ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿನ ಯೇಲ್ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರು. 1863ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದ ಗಿಬ್ಸ್, ಮುಂದೆ ಪ್ಯಾರಿಸ್, ಬರ್ಲಿನ್, ಹೈಡೆಲ್‌ಬರ್ಗ್‌ಗಳಲ್ಲಿ ಮೂರು ವರ್ಷ ವ್ಯಾಸಂಗ ಮಾಡಿದರು. 1871ರಲ್ಲಿ ಯೇಲ್‌ನಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ವೇತನ ಮಾತ್ರ ದೊರೆಯಲಿಲ್ಲ. ಪಿತ್ರಾರ್ಜಿತದಿಂದ ಜೀವನ ಸಾಗಿಸುತ್ತ ಒಂಬತ್ತು ವರ್ಷ ಪಾಠ ಹೇಳಿದರು. ಅವರ ಮಹಾಪ್ರಬಂಧ ಸಿದ್ಧವಾದುದು ಆ ಅವಧಿಯಲ್ಲಿಯೇ.

ಶಾಖವನ್ನು ಹೊರಸೂಸುವ ಕ್ರಿಯೆಗಳು ಮಾತ್ರ ತಾವಾಗಿ ನಡೆಯುತ್ತವೆಂದು ಆಗ ಅನೇಕ ವಿದ್ವಾಂಸರು ನಂಬಿದ್ದರು. ಆದರೆ ನವಸಾಗರವನ್ನು ನೀರಿಗೆ ಹಾಕಿದರೆ, ಶಾಖವನ್ನು ಹೀರಿ ನೀರನ್ನು ತಣ್ಣಗಾಗಿಸುತ್ತಲೇ ಅದು ತಾನಾಗಿ ಕರಗುತ್ತದೆ. ಆದುದರಿಂದ ಶಾಖದೊಡನೆ ಎಂಟ್ರೊಪಿಯನ್ನೂ, ಅಂದರೆ ಕಣಗಳೂ ಶಕ್ತಿಯೂ ಚದುರಿಕೊಳ್ಳುವ ಪ್ರಮಾಣವನ್ನೂ, ಗಣಿಸಬೇಕು. ಎರಡನ್ನೂ ಒಳಗೊಂಡ ಅಳತೆಗೆ ಇಂದು ಗಿಬ್ಸ್ ಮುಕ್ತಶಕ್ತಿ ಎಂದು ಹೆಸರು. ಉಷ್ಣತೆ, ಒತ್ತಡಗಳು ಸ್ಥಿರವಾಗಿರುವಾಗ ಮುಕ್ತಶಕ್ತಿ ಕುಗ್ಗುವ ದಿಕ್ಕಿಗೆ ಕ್ರಿಯೆ ಸಾಗುತ್ತದೆ. ಅದು ಕನಿಷ್ಠಕ್ಕಿಳಿದಾಗ ಸಮತೋಲ ಉಂಟಾಗುತ್ತದೆ. ಉಷ್ಣತೆ ಏರಿದಂತೆ ಎಂಟ್ರೊಪಿಯ ಪ್ರಭಾವವೂ ಏರುತ್ತದೆ. ಅಂಗಳದಲ್ಲಿ ಬದಲಾಗದೆ ಬಿದ್ದಿರುವ ಸುಣ್ಣದ ಕಲ್ಲು ಗೂಡಿನ ಕಾವಿನಲ್ಲಿ ಅನಿಲವನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುವುದು ಇದರಿಂದಲೇ.

ಮುನ್ನೂರಕ್ಕೂ ಹೆಚ್ಚು ಪುಟಗಳ ಆ ಪ್ರಬಂಧದ ಮುದ್ರಣ ಕನೆಕ್ಟಿಕಟ್ ಅಕಾಡೆಮಿಗೆ ಶಕ್ತಿ ಮೀರಿದ ವೆಚ್ಚವಾಗಿತ್ತು. ಊರಿನ ಪ್ರಾಧ್ಯಾಪಕರೂ ವರ್ತಕರೂ ವಂತಿಗೆ ನೀಡಿದರು. 1876 ಮತ್ತು 1878ರಲ್ಲಿ ಅದು ಬೆಳಕು ಕಂಡಿತು. 1880ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಹೆಚ್ಚಿನ ವೇತನದ ಆಹ್ವಾನ ನೀಡಿದಾಗ ಯೇಲ್ ಎಚ್ಚೆತ್ತು ವೇತನ ಗೊತ್ತುಮಾಡಿತು. ಅದು ಕಡಿಮೆಯಾದರೂ ಗಿಬ್ಸ್ ಅಲ್ಲಿಯೇ ಉಳಿದರು. 1892ರಲ್ಲಿ ಓಸ್ಟ್‌ವಾಲ್ಡ್ ಪ್ರಬಂಧವನ್ನು ಜರ್ಮನ್ ಭಾಷೆಗೆ ತಂದರು. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕೋಪ್ಲೆ ಪದಕ ಸಂದಿತು. 1903ರ ಏಪ್ರಿಲ್ 28ರಂದು ಗಿಬ್ಸ್ ನಿಧನರಾದರು.

ಕ್ರಿಯೆ ಸಾಧ್ಯವೇ ಎಂಬುದನ್ನು ಮುಕ್ತಶಕ್ತಿ ಹೇಳುತ್ತದೆ. ಎಷ್ಟು ಬೇಗ ಎಂಬುದನ್ನು ಹೇಳದು. ಅಮೋನಿಯದ ಕ್ರಿಯೆ ಸಾಮಾನ್ಯ ಉಷ್ಣತೆಯಲ್ಲಿ ಸಾಧ್ಯವಾದರೂ ಅತಿ ಮಂದ; ಕಾಯಿಸಿದರೆ ವೇಗ ಹೆಚ್ಚಿ ಇಳುವರಿ ಕುಗ್ಗುತ್ತದೆ. ಅಧಿಕ ಒತ್ತಡವೂ ವೇಗವರ್ಧಕವೂ ಬೇಕಾಗುವುದು ಅದಕ್ಕಾಗಿಯೇ. ನ್ಯೂಹೇವನ್ನಿನ ಆ ವಂತಿಗೆದಾರರಲ್ಲಿ ಪ್ರಬಂಧವನ್ನು ಅರಿಯಬಲ್ಲವರು ವಿರಳ. ಆದರೂ ಒಬ್ಬ ಅಧ್ಯಾಪಕನನ್ನು ನಂಬಿ ಅವರಿತ್ತ ಹಣದ ಫಲ ರೈತನ ಹೊಲದವರೆಗೂ ತಲುಪಿದೆ.